ಆರು ಹುಟ್ಟು, ಒಂದೇ ತಾಳ

ಬೆಳಗಿನ ಬಿಸಿಲು ಏರುವ ಮೊದಲೇ ಹೊನೊಲುಲು ನಗರದ ಕೇಹಿ ಹಿನ್ನೀರಿನ ದಂಡೆಯಲ್ಲಿ ಜಾತ್ರೆಯ ಕಳೆ. ಕ್ಲಬ್ಬಿಗೊಂದು ಡೇರೆ. ಚಾಪೆಯ ಮೇಲೆ ಕುಳಿತ ಅಜ್ಜ-ಅಜ್ಜಿಯರು, ಬುತ್ತಿ ಬಿಚ್ಚುವ ಅಪ್ಪ-ಅಮ್ಮಂದಿರು, ಹುಟ್ಟು ಹಿಡಿದು ತಮ್ಮ ಸರದಿಗಾಗಿ ಕಾದು ನಿಂತ ಮಕ್ಕಳು. ಇನ್ನು ಸ್ವಲ್ಪ ಹೊತ್ತಿಗೆ ಆ ಅಜ್ಜ-ಅಜ್ಜಿಯರೂ ಎದ್ದು ದೋಣಿ ಏರುತ್ತಾರೆ! ಹವಾಯಿ ದ್ವೀಪಗಳ ದೋಣಿ ಪಂದ್ಯದ ಸೊಗಸೇ ಇದು. ಹನ್ನೆರಡರ ಒಳಗಿನವರಿಂದ ಹಿಡಿದು ಅರವತ್ತು ದಾಟಿದವರವರೆಗೆ ಎಲ್ಲರಿಗೂ ಇಲ್ಲಿ ಸ್ಪರ್ಧೆಗಳಿವೆ.

ಈ ದೋಣಿ ಸುಮಾರು 40 ಅಡಿ ಉದ್ದ. ಅಗಲ ಮಾತ್ರ ಒಬ್ಬರು ಕೂರುವಷ್ಟೇ. ಹಾಗೇ ಬಿಟ್ಟರೆ ಉರುಳಿಬಿದ್ದೀತು. ಅದಕ್ಕಾಗಿಯೇ ಎಡಬದಿಗೆ ಎರಡು ಅಡ್ಡಮರಗಳನ್ನು ಚಾಚಿ, ಅವುಗಳ ತುದಿಗೆ ಒಂದು ತೇಲುಮರ ಕಟ್ಟಿರುತ್ತಾರೆ. ಉತ್ತರ ಕನ್ನಡ, ಗೋವಾ ಕಡೆಯ ಹಳೆಯ ಮೀನುದೋಣಿಗಳಲ್ಲೂ ಇಂಥ ಏರ್ಪಾಡು ಇತ್ತು. ಹವಾಯಿಯನ್ನರು ತೇಲುಮರವನ್ನು ಕರೆಯುವುದು ‘ಅಮಾ’ ಎಂದು. ಪಕ್ಕದಲ್ಲೇ ಇದ್ದು ಬೀಳದಂತೆ ಕಾಯುವುದಕ್ಕೆ ಕನ್ನಡಿಗರ ಕಿವಿಗೂ ಒಪ್ಪುವ ಹೆಸರು!

ಆರು ಆಸನ, ಆರು ಕೆಲಸ

ದೋಣಿಯಲ್ಲಿ ಆರು ಮಂದಿ. ಮುಂದೆ ಕುಳಿತವರು ತಾಳ ಹಾಕಿಕೊಡುತ್ತಾರೆ. ಅವರ ಹುಟ್ಟು ನೀರಿಗಿಳಿದ ಕ್ಷಣವೇ ಉಳಿದವರ ಹುಟ್ಟುಗಳೂ ಇಳಿಯಬೇಕು. ಒಬ್ಬರು ಎಡಕ್ಕೆ ಹಾಕಿದರೆ ಅವರ ಹಿಂದಿನವರು ಬಲಕ್ಕೆ. ಹತ್ತು-ಹದಿನೈದು ಬಾರಿ ಎಳೆದ ಮೇಲೆ ನಡುವಿನಿಂದ ಒಂದು ಕೂಗು. ಎಲ್ಲರೂ ಒಟ್ಟಿಗೆ ಬದಿ ಬದಲಿಸುತ್ತಾರೆ. ನಡುವಿನವರು ದೋಣಿಯ ಬಲ. ಕೊನೆಯ ಆಸನದ್ದು ಚುಕ್ಕಾಣಿಯ ಹೊಣೆ.

ತೋಳಿನಲ್ಲಿ ಶಕ್ತಿಯಿದೆಯೆಂದು ಒಬ್ಬ ಹುಡುಗ ತಾಳ ಬಿಟ್ಟು ಜೋರಾಗಿ ಎಳೆದರೆ ಏನಾಗುತ್ತದೆ? ದೋಣಿ ಓಲಾಡುತ್ತದೆ, ವೇಗ ಕುಗ್ಗುತ್ತದೆ. ಅವನ ಶ್ರಮ ಇನ್ನುಳಿದ ಐವರಿಗೆ ಹೊರೆ. ಹೊಸದಾಗಿ ಕ್ಲಬ್ ಸೇರಿದ ಮಕ್ಕಳಿಗೆ ಅರಗಿಸಿಕೊಳ್ಳಲು ಕಷ್ಟವಾಗುವ ಪಾಠವಿದು.

ದೋಣಿ ಮಗುಚುವುದಕ್ಕೆ ಅಲ್ಲಿ ‘ಹುಲಿ’ ಎನ್ನುತ್ತಾರೆ. ಹುಲಿ ಎದುರಾದಾಗ ಓಡುವಂತಿಲ್ಲ! ತಲೆ ಎಣಿಸಬೇಕು, ದೋಣಿಯನ್ನು ಮತ್ತೆ ಎತ್ತಿ ನಿಲ್ಲಿಸಬೇಕು, ಒಳಗಿನ ನೀರು ಗೋರಬೇಕು. ಹೀಗಾಗಿ ಹುಟ್ಟು ಹಾಕಲು ಬರುವವರಿಗೆ ಈಜು ಮೊದಲು ಬರಬೇಕು. ದೋಣಿ ಎತ್ತುವುದನ್ನೂ ಬೇಕೆಂದೇ ಮಗುಚಿ ಅಭ್ಯಾಸ ಮಾಡಿಸುತ್ತಾರೆ.

ಎಳೆಯರ ಸ್ಪರ್ಧೆ ಕಾಲು ಮೈಲಿ, ಅಂದರೆ ಸುಮಾರು 400 ಮೀಟರ್. ದೊಡ್ಡವರದು ಅರ್ಧ ಮೈಲಿಯಿಂದ ಒಂದೂವರೆ ಮೈಲಿ. ದೂರ ಹೆಚ್ಚಿದಂತೆ ಬಾವುಟ ಸುತ್ತಿ ತಿರುಗುವ ಸರದಿಯೂ ಹೆಚ್ಚು. ಬೇಗ ತಿರುಗಿದರೆ ಬಾವುಟಕ್ಕೆ ಡಿಕ್ಕಿ, ತಡವಾದರೆ ದೂರ ದಂಡ. ಇಲ್ಲಿ ಗೆಲ್ಲುವುದು ತೋಳಲ್ಲ, ಹೊಂದಾಣಿಕೆ.

ಹೆಣ್ಣುಮಕ್ಕಳು ಗೆದ್ದ ಕಡಲು

ಹತ್ತೊಂಬತ್ತನೇ ಶತಮಾನದಲ್ಲಿ ಸೊರಗಿದ್ದ ಈ ಕ್ರೀಡೆಗೆ ದೊರೆ ಕಲಾಕೌವಾ ಮತ್ತೆ ಮನ್ನಣೆ ತಂದ. 1908ರಲ್ಲಿ ವೈಕಿಕಿ ತೀರದಲ್ಲಿ ಔಟ್‌ರಿಗರ್ ಕನೂ ಕ್ಲಬ್ ಹುಟ್ಟಿತು. 1952ರಲ್ಲಿ ಮೊಲೊಕಾಯಿ ದ್ವೀಪದಿಂದ ಓಆಹು ದ್ವೀಪಕ್ಕೆ, ಅಬ್ಬರದ ಕೈವಿ ಜಲಸಂಧಿ ದಾಟುವ ಪಂದ್ಯ ಶುರುವಾಯಿತು. ಅಂದು ಹೊರಟದ್ದು ಮೂರೇ ದೋಣಿ. ಗೆದ್ದವರಿಗೆ ಹಿಡಿದದ್ದು ಸುಮಾರು ಒಂಬತ್ತು ಗಂಟೆ. ಆ ಕಡಲು ಹೆಣ್ಣುಮಕ್ಕಳಿಗೆ ಅಪಾಯ ಎಂದವರಿಗೆ 1975ರಲ್ಲಿ ಮಹಿಳೆಯರ ಎರಡು ತಂಡಗಳು ದಾಟಿ ತೋರಿಸಿಯೇ ಉತ್ತರ ಕೊಟ್ಟವು. 1979ರಿಂದ ಮಹಿಳೆಯರಿಗೆ ಅವರದೇ ಪಂದ್ಯ. 1986ರಲ್ಲಿ ದೋಣಿ ಪಂದ್ಯ ಹವಾಯಿಯ ಅಧಿಕೃತ ತಂಡಕ್ರೀಡೆಯಾಯಿತು. 2002ರಿಂದ ಪ್ರೌಢಶಾಲೆಗಳಿಗೂ ರಾಜ್ಯಮಟ್ಟದ ಪಂದ್ಯವಿದೆ.

ಅಂಕ ಯಾರದು?

ಕ್ಲಬ್ ಪಂದ್ಯದಲ್ಲಿ ಪ್ರತಿ ದೋಣಿ ಗಳಿಸಿದ ಸ್ಥಾನಕ್ಕೆ ಅಂಕವುಂಟು. ಆ ಅಂಕ ಯಾವೊಬ್ಬರ ಹೆಸರಿಗೂ ಅಲ್ಲ, ಕ್ಲಬ್ಬಿನ ಖಾತೆಗೆ. ಹನ್ನೆರಡರ ಹುಡುಗಿಯರು ತಂದದ್ದೂ ಅರವತ್ತರ ಹಿರಿಯರು ತಂದದ್ದೂ ಅಲ್ಲೇ ಕೂಡುತ್ತವೆ. ಸಂಜೆ ಲೆಕ್ಕ ಹಾಕುವಾಗ, ಬೆಳಿಗ್ಗೆ ಮೂರನೆಯದಾಗಿ ಬಂದು ಮುಖ ಸಣ್ಣ ಮಾಡಿಕೊಂಡಿದ್ದ ಮಕ್ಕಳ ಅಂಕವೇ ಇಡೀ ಕ್ಲಬ್ಬನ್ನು ಮೇಲೆತ್ತಬಹುದು.

ಪರೀಕ್ಷೆ ಮುಗಿಸಿ ಬಂದ ಮಗುವಿಗೆ ‘ನಿನಗೆಷ್ಟು ಬಂತು?’ ಎಂದು ಕೇಳುವುದು ನಮ್ಮ ಮನೆಗಳ ರೂಢಿ. ದೋಣಿ ಇಳಿದು ಬಂದ ಮಗುವಿಗೆ ಆ ಪ್ರಶ್ನೆ ಹೊಂದುವುದಿಲ್ಲ. ಅಲ್ಲಿ ಕೇಳಬೇಕಾದದ್ದು ಒಂದೇ: ‘ಆರೂ ಜನ ತಾಳ ತಪ್ಪಲಿಲ್ಲ ತಾನೆ?’