ವಿದ್ಯಾರ್ಥಿವೇತನದ ಅರ್ಜಿಗಾಗಿ ಸ್ವಂತ ಚಿತ್ರಗಳ ಛಾಯಾಗ್ರಹಣ

ಮೂಡುಬಿದಿರೆಯಲ್ಲಿ ರಕ್ಷಿಸಲ್ಪಟ್ಟು ಬಂದಿರುವ ಧವಲಾದಿ ಗ್ರಂಥಗಳ ತಾಳೆಯೋಲೆಗಳಲ್ಲಿ 12ನೆಯ ಶತಮಾನದ ವರ್ಣಚಿತ್ರಗಳಿರುವುದನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಆದರೆ ಆ ಓಲೆಗಳನ್ನು ಕಣ್ಣಾರೆ ಕಂಡವರೆಷ್ಟು ಮಂದಿ? ದೂರದ ಕಲಾಭ್ಯಾಸಿಗಳಿಗೆ ಅವುಗಳ ಪರಿಚಯವಾಗುವುದು ಪುಸ್ತಕಗಳಲ್ಲಿ ಅಚ್ಚಾದ ಛಾಯಾಚಿತ್ರಗಳಿಂದಲೇ. ಮೂಲವನ್ನು ಕಾಣಲಾರದವರಿಗೆ ಛಾಯಾಚಿತ್ರವೇ ಸಾಕ್ಷಿ. ಚಿತ್ರಕಲೆಗಾಗಿ ವಿದ್ಯಾರ್ಥಿವೇತನವನ್ನು ಬೇಡುವ ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿಯೂ ಮಾತು ಇದೇ.

1954ರಲ್ಲಿ ಸ್ಥಾಪಿತವಾದ ದೆಹಲಿಯ ಲಲಿತಕಲಾ ಅಕಾಡೆಮಿಯೂ ಬೆಂಗಳೂರಿನ ಕರ್ನಾಟಕ ಲಲಿತಕಲಾ ಅಕಾಡೆಮಿಯೂ ಎಳೆಯ ಕಲಾವಿದರಿಗೆ ನೆರವು ನೀಡುತ್ತ ಬಂದಿವೆ. ಇಂತಹ ಅರ್ಜಿಗಳೊಡನೆ ಕೃತಿಗಳ ಛಾಯಾಚಿತ್ರಗಳನ್ನು ಕೇಳುವುದು ವಾಡಿಕೆ. ಪರೀಕ್ಷಕರು ಮೊದಲು ಕಾಣುವುದು ಅವನ್ನೇ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿಯ ಜಲವರ್ಣಚಿತ್ರಗಳನ್ನು ನಾವು ರಾತ್ರಿಯಲ್ಲಿ ನೆಲದ ಮೇಲೆ ಹರಡಿ, ಹಳದಿ ದೀಪದ ಕೆಳಗೆ ಅವಸರದಿಂದ ತೆಗೆದು ಕಳುಹಿಸಿದೆವು. ಬಯಲಿನ ಎಳೆಹಸುರು ಒಣಹುಲ್ಲಿನಂತಾಯಿತು. ಫೋನಿನ ನೆರಳು ಆಕಾಶದ ಮೇಲೆ ಬಿತ್ತು. ವೇತನವು ದೊರೆಯಲಿಲ್ಲ. ಸೋತುದು ಚಿತ್ರವೋ ಛಾಯಾಚಿತ್ರವೋ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಆ ಸಂದೇಹವು ಇನ್ನೊಬ್ಬಳ ಪಾಲಿಗೆ ಬಾರದಿರಲೆಂದೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲನೆಯದು ಬೆಳಕು. ನೇರ ಬಿಸಿಲೂ ಫ್ಲ್ಯಾಷೂ ಬೇಡ. ಅವು ಕಾಗದದ ಮೇಲೆ ಹೊಳಪನ್ನೂ ಗಡುಸು ನೆರಳನ್ನೂ ತರುವುವು. ಮೋಡ ಕವಿದ ಹಗಲೇ ಉತ್ತಮ. ಏಕೆಂದರೆ ಮೋಡವು ಬಿಸಿಲನ್ನು ಸೋಸಿ ಎಲ್ಲೆಡೆಗೂ ಸಮನಾಗಿ ಹಂಚುವುದು. ಆದುದರಿಂದ ಮಳೆಗಾಲದಲ್ಲಿ ಎರಡು ಮಳೆಗಳ ನಡುವಣ ಬಿಡುವು ನಮಗೆ ವರವೇ ಸರಿ. ಆದರೆ ಕೆಮ್ಮಣ್ಣಿನ ಅಂಗಳ, ಮುರಕಲ್ಲಿನ ಗೋಡೆ, ಅಡಕೆತೋಟ ಇವುಗಳಿಂದ ಪುಟಿದು ಬರುವ ಬೆಳಕು ಬಿಳಿಯ ಕಾಗದಕ್ಕೂ ಕೆಂಪನ್ನೋ ಹಸುರನ್ನೋ ಬಳಿಯುವುದು. ನಮ್ಮ ಕಣ್ಣು ಅದನ್ನು ತಾನಾಗಿ ತಿದ್ದಿಕೊಳ್ಳುವುದು. ಕ್ಯಾಮೆರಾ ಯಾವಾಗಲೂ ಹಾಗೆ ತಿದ್ದಲಾರದು. ತೆರೆದ ಜಗಲಿಯಲ್ಲಿ, ಇಂತಹ ಬಣ್ಣಗಳಿಂದ ದೂರವಾಗಿ, ಚಿತ್ರದ ಪಕ್ಕದಲ್ಲಿ ಒಂದು ಬಿಳಿ ಕಾಗದವನ್ನಿಟ್ಟು ನೋಡಿರಿ. ಫೋನಿನಲ್ಲಿ ಅದು ಬಿಳಿಯಾಗಿಯೇ ಕಂಡರೆ ಬೆಳಕು ಸರಿಯಾಗಿದೆಯೆಂದು ತಿಳಿಯಬಹುದು.

ಎರಡನೆಯದು ನಿಲುವು. ಚಿತ್ರವನ್ನು ಗೋಡೆಗೆ ನೆಟ್ಟಗೆ ಹಚ್ಚಿ, ಅದರ ನಟ್ಟನಡುವಿನ ಎತ್ತರಕ್ಕೆ ಕ್ಯಾಮೆರಾವನ್ನು ಸಮಾನಾಂತರವಾಗಿ ಹಿಡಿಯಬೇಕು. ವಾಲಿಸಿದರೆ ಚೌಕವು ಒಂದು ಕಡೆ ಅಗಲವಾಗಿ ಇನ್ನೊಂದು ಕಡೆ ಕಿರಿದಾಗುವುದು. ತೀರ ಹತ್ತಿರ ಹಿಡಿದರೂ ಅಂಚುಗಳು ಬಾಗಿ ಕಾಣುವುವು. ಎರಡು ಹೆಜ್ಜೆ ಹಿಂದೆ ಸರಿದು ತುಸು ಜೂಮ್ ಮಾಡುವುದು ಲೇಸು. ತೇವದಿಂದ ಸುರುಟಿಕೊಂಡ ಕಾಗದವನ್ನು ಮೊದಲೇ ಭಾರವಾದ ಪುಸ್ತಕಗಳ ಕೆಳಗಿಟ್ಟು ಚಪ್ಪಟೆ ಮಾಡಿರಿ. ಚೌಕಟ್ಟಿನ ಗಾಜನ್ನು ತೆಗೆಯದಿದ್ದರೆ ಚಿತ್ರದೊಡನೆ ನಿಮ್ಮ ಮುಖವೂ ಮೂಡೀತು. ಮಣ್ಣಿನ ಮೂರ್ತಿಗಳಾದರೆ ಬೆಳಕು ಒಂದು ಪಕ್ಕದಿಂದ ಬರಲಿ. ನೆರಳಿಲ್ಲದೆ ಉಬ್ಬುತಗ್ಗು ತಿಳಿಯದು. ಅವುಗಳನ್ನು ಮೂರು ದಿಕ್ಕುಗಳಿಂದಲಾದರೂ ತೆಗೆಯಬೇಕು.

ಮೂರನೆಯದು ಸತ್ಯ. ಛಾಯಾಚಿತ್ರವನ್ನು ಮೂಲದ ಪಕ್ಕದಲ್ಲಿಟ್ಟು ಹೋಲಿಸಿ, ವ್ಯತ್ಯಾಸವಿದ್ದರೆ ಮೂಲಕ್ಕೆ ಸರಿಯಾಗುವಷ್ಟು ಮಾತ್ರ ತಿದ್ದಿರಿ. ಇಲ್ಲದ ಹೊಳಪನ್ನು ಕೂಡಿಸುವುದು ಅಪ್ರಾಮಾಣಿಕತೆ. ಸಂದರ್ಶನಕ್ಕೆ ಕರೆದು ಮೂಲವನ್ನು ತೋರೆಂದರೆ ನಾಚಿಕೆಪಡಬೇಕಾದೀತು. ಪ್ರತಿಯೊಂದಕ್ಕೂ ಶೀರ್ಷಿಕೆ, ಮಾಧ್ಯಮ, ಅಳತೆ, ವರ್ಷ ಇವನ್ನು ಬರೆಯಿರಿ. ಅಳತೆಯಿಲ್ಲದಿದ್ದರೆ ಅಂಗೈಯಗಲದ ಚಿತ್ರವೂ ಗೋಡೆಯಗಲದ ಚಿತ್ರವೂ ಒಂದೇ ಆಗಿ ಕಾಣುವುವು. ವಾಟ್ಸಾಪಿನಲ್ಲಿ ಫೋಟೋವಾಗಿ ಕಳುಹಿಸಿದರೆ ಸೂಕ್ಷ್ಮಾಂಶಗಳು ನಷ್ಟವಾಗುವುದರಿಂದ ಡಾಕ್ಯುಮೆಂಟ್ ಆಗಿ ಕಳುಹಿಸತಕ್ಕದ್ದು. ಎಷ್ಟು ಚಿತ್ರ, ಯಾವ ಗಾತ್ರ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ಓದಿಕೊಳ್ಳಬೇಕು.

ಹಚ್ಚಿದ ದೀಪವನ್ನು ಕೊಳಗದ ಕೆಳಗೆ ಮುಚ್ಚಿಡಬಾರದೆಂದು ನಾವೆಲ್ಲರೂ ಶಾಲೆಯ ಪ್ರಾರ್ಥನೆಯಲ್ಲಿ ಕೇಳಿದವರು. ಮಂದವಾದ ಛಾಯಾಚಿತ್ರವೂ ಅಂತಹ ಒಂದು ಕೊಳಗವೇ. ಚಿತ್ರ ಬರೆಯಬಲ್ಲ ಕೆಲವು ಮಕ್ಕಳ ಮನೆಗಳಲ್ಲಿ ಒಳ್ಳೆಯ ಫೋನಿಲ್ಲ. ಅದು ಇರುವ ಪೂರ್ವವಿದ್ಯಾರ್ಥಿನಿಯರಲ್ಲಿಯೂ ತಾಯಿತಂದೆಗಳಲ್ಲಿಯೂ ನಮ್ಮ ಅರಿಕೆಯಿಷ್ಟೆ: ಅರ್ಜಿಯ ಗಡುವಿಗೆ ಒಂದು ವಾರ ಮುಂಚೆ, ಮೋಡದ ಒಂದು ಬೆಳಗ್ಗೆ, ನೆರೆಮನೆಯ ಹುಡುಗಿಗಾಗಿ ಒಂದು ಗಂಟೆಯ ಹೊತ್ತನ್ನು ಕೊಡಿರಿ. ಆಮೇಲೆ ತೀರ್ಪು ಏನೇ ಬರಲಿ, ಅದು ಅವಳ ಚಿತ್ರದ ಮೇಲಿನ ತೀರ್ಪಾಗಿರುವುದು.