ಒಂಟಿ ರೋಮದ ಅಳತೆ

ಮಂಡಿಯ ಕೀಲಿನಲ್ಲಿ ಎಲುಬಿನ ತುದಿಯನ್ನು ಮುಚ್ಚಿರುವ ನುಣುಪಾದ ಬಿಳಿ ಪದರವೇ ಮೃದ್ವಸ್ಥಿ. ದಪ್ಪ ಕೆಲವೇ ಮಿಲಿಮೀಟರ್. ಅದರೊಳಗೆ ರಕ್ತನಾಳವಿಲ್ಲ, ನರವೂ ಇಲ್ಲ. ಹೆಚ್ಚಿನ ಪಾಲು ನೀರು. ಉಳಿದದ್ದು ಕೊಲಾಜನ್ ನಾರು ಮತ್ತು ಆ ನೀರನ್ನು ಹಿಡಿದಿಡುವ ಪ್ರೋಟಿಯೋಗ್ಲೈಕ್ಯಾನ್. ಇದನ್ನೆಲ್ಲ ತಯಾರಿಸಿ ಕಾಪಾಡುವ ಕಾಂಡ್ರೊಸೈಟ್ ಜೀವಕೋಶಗಳಿಗೆ ಒಟ್ಟು ಗಾತ್ರದಲ್ಲಿ ಸಿಗುವುದು ನೂರಕ್ಕೆ ಕೆಲವೇ ಪಾಲು.

ನರವೇ ಇಲ್ಲದ ಕಡೆ, ಮೈಭಾರ ಬಿದ್ದದ್ದು ಈ ಕೋಶಗಳಿಗೆ ತಿಳಿಯುವುದು ಹೇಗೆ? ಉತ್ತರದ ಒಂದು ಭಾಗ ಕೋಶದಿಂದ ಹೊರಚಾಚಿರುವ ಒಂದೇ ಒಂದು ರೋಮದಲ್ಲಿದೆ. ಅದಕ್ಕೆ ಪ್ರಾಥಮಿಕ ಸಿಲಿಯಂ ಎಂದು ಹೆಸರು. ಶ್ವಾಸನಾಳದ ಸಿಲಿಯಾಗಳಂತೆ ಇದು ಬಡಿಯುವುದಿಲ್ಲ. ಅದೇ ಕಾರಣಕ್ಕೆ ಬಹುಕಾಲ ಇದನ್ನು ಕೆಲಸಕ್ಕೆ ಬಾರದ ಪಳೆಯುಳಿಕೆಯೆಂದು ಬದಿಗಿಟ್ಟಿದ್ದರು. ನ್ಯೂಜಿಲೆಂಡಿನ ಆಂಥನಿ ಪೂಲ್ ಮತ್ತು ಸಂಗಡಿಗರು 1985ರಲ್ಲೇ, ಇದು ಸುತ್ತಲಿನ ಪರಿಸರವನ್ನು ತಡಕಿ ನೋಡುವ ಸಾಧನವಿರಬಹುದೆಂದು ಬರೆದರು. ಆ ಮಾತು ನಿಜವೆನ್ನಿಸತೊಡಗಲು ಇನ್ನೂ ಹಲವು ವರ್ಷ ಬೇಕಾಯಿತು.

ಇದರ ಅಡ್ಡಗಲ ಸುಮಾರು 0.2 ಮೈಕ್ರಾನ್, ಉದ್ದ ಒಂದರಿಂದ ಮೂರು ಮೈಕ್ರಾನಿನ ಆಸುಪಾಸು. ಬೆಳಕಿನ ಸೂಕ್ಷ್ಮದರ್ಶಕ ಬೇರ್ಪಡಿಸಿ ತೋರಿಸಬಲ್ಲ ಕನಿಷ್ಠ ಅಂತರವೂ ಹೆಚ್ಚುಕಡಿಮೆ 0.2 ಮೈಕ್ರಾನೇ, ಅರ್ನ್ಸ್ಟ್ ಅಬ್ಬೆ 1873ರಲ್ಲಿ ವಿವರಿಸಿದ ಮಿತಿ ಅದು. ಹಾಗಾಗಿ ಸಾಮಾನ್ಯ ಬೆಳಕಿನಲ್ಲಿ ದಪ್ಪ ಅಳೆಯುವ ಆಸೆ ಬಿಡಬೇಕು, ಉದ್ದಕ್ಕೆ ಕೈಹಾಕಬಹುದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಒಳಗಿನ ಒಂಬತ್ತು ಜೋಡಿ ಕೊಳವೆಗಳೂ ಕಾಣುತ್ತವೆ. ಆದರೆ ಅಲ್ಲಿಯ ಸೀಳುಗಳು ಎಷ್ಟು ತೆಳುವೆಂದರೆ, ರೋಮ ಬುಡದಿಂದ ತುದಿಯವರೆಗೆ ಒಂದೇ ಸೀಳಿನಲ್ಲಿ ಸಿಕ್ಕಿದರೆ ಅದು ಅದೃಷ್ಟ.

ಆದ್ದರಿಂದ ಉದ್ದದ ಅಳತೆಗೆ ಕಾನ್‌ಫೋಕಲ್ ಸೂಕ್ಷ್ಮದರ್ಶಕವೇ ಗತಿ. ರೋಮದೊಳಗಿನ ಅಸಿಟೈಲೀಕೃತ ಟ್ಯುಬ್ಯುಲಿನ್‌ಗೆ ಅಂಟುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿ, ಮೇಲಿನಿಂದ ಕೆಳಕ್ಕೆ ಪದರ ಪದರವಾಗಿ ಚಿತ್ರ ತೆಗೆಯುತ್ತಾರೆ. ಆಮೇಲೆ ಎಲ್ಲ ಪದರಗಳನ್ನೂ ಒಂದರ ಮೇಲೊಂದು ಕೂಡಿಸಿ ಒಂದೇ ಚಪ್ಪಟೆ ಚಿತ್ರ ಮಾಡುತ್ತಾರೆ. ನೋಡಲು ಬಲು ಚೆಂದ, ಅಳೆಯಲು ಮಾತ್ರ ಅಪಾಯ. ನೆತ್ತಿಯ ಮೇಲೆ ಸೂರ್ಯನಿರುವಾಗ ವಾರೆಯಾಗಿ ನೆಟ್ಟ ಕೋಲಿನ ನೆರಳನ್ನು ಅಳೆದು ಕೋಲಿನ ಉದ್ದ ಹೇಳಿದಂತೆ. ಎರಡು ಮೈಕ್ರಾನಿನ ರೋಮ ಗಾಜಿನ ಸಮತಲದಿಂದ 60 ಡಿಗ್ರಿ ಎದ್ದು ನಿಂತಿದ್ದರೆ ಚಪ್ಪಟೆ ಚಿತ್ರದಲ್ಲಿ ಉಳಿಯುವುದು ಒಂದೇ ಮೈಕ್ರಾನ್. ನೆಟ್ಟಗೆ ನಿಂತದ್ದು ಬರೀ ಚುಕ್ಕೆ.

ಇದಕ್ಕೆ ಮದ್ದು ಶಾಲೆಯ ಪೈಥಾಗೊರಸ್ ಪ್ರಮೇಯದಲ್ಲಿದೆ. ಬುಡ ಯಾವ ಪದರದಲ್ಲಿದೆ, ತುದಿ ಯಾವ ಪದರದಲ್ಲಿದೆ ಎಂದು ನೋಡಿ ಎತ್ತರ ತಿಳಿಯಬೇಕು. ಅಡ್ಡಳತೆ 1, ಎತ್ತರ 1.7 ಇದ್ದರೆ ಉದ್ದ ಸುಮಾರು 2. ಆದರೆ ಇಲ್ಲೂ ಒಂದು ತೊಡಕಿದೆ: ಕಾನ್‌ಫೋಕಲ್‌ನ ನೋಟ ಅಡ್ಡಕ್ಕಿಂತ ಆಳದ ದಿಕ್ಕಿನಲ್ಲಿ ಎರಡು ಮೂರು ಪಟ್ಟು ಮಸುಕು. ಎಣ್ಣೆಯ ಮಸೂರದಿಂದ ನೀರಿನಂಶದ ಅಂಗಾಂಶವನ್ನು ನೋಡಿದರಂತೂ ಎತ್ತರ ಇರುವುದಕ್ಕಿಂತ ಹಿಗ್ಗಿ ಕಾಣುತ್ತದೆ. ಒಂದು ತಪ್ಪು ಕುಗ್ಗಿಸುತ್ತದೆ, ಇನ್ನೊಂದು ಹಿಗ್ಗಿಸುತ್ತದೆ. ಎರಡೂ ಸೇರಿ ಸರಿಹೋದೀತೆಂದು ನಂಬುವುದು ಸೋಮಾರಿತನ.

ಇಷ್ಟೊಂದು ಚೌಕಾಸಿ ಯಾಕೆಂದರೆ, ಸಂಶೋಧಕರು ಹುಡುಕುವ ವ್ಯತ್ಯಾಸವೇ ಅಷ್ಟು ಚಿಕ್ಕದು. ಕೋಶಗಳನ್ನು ಮತ್ತೆ ಮತ್ತೆ ಒತ್ತಿದಾಗ ರೋಮ ಗಿಡ್ಡವಾಗುತ್ತದೆ. ಸಂಧಿವಾತದಿಂದ ಸವೆದ ಮೃದ್ವಸ್ಥಿಯಲ್ಲಿ ಉದ್ದವಾಗಿರುವುದು ಕಂಡುಬಂದಿದೆ. ಈ ಏರುಪೇರು ಮೈಕ್ರಾನಿನ ಒಂದು ಭಾಗದಷ್ಟೇ. ಒಂದು ಗುಂಪಿನ ರೋಮಗಳು ಮಲಗಿ, ಇನ್ನೊಂದರವು ಎದ್ದು ನಿಂತಿದ್ದರೆ ಸಾಕು, ಇಲ್ಲದ ವ್ಯತ್ಯಾಸ ಹುಟ್ಟಿಕೊಳ್ಳುತ್ತದೆ.

ಮಕ್ಕಳ ಉದ್ದೆಲುಬಿನ ತುದಿಯ ಬೆಳವಣಿಗೆಯ ಪದರದಲ್ಲಿ ಮಾತ್ರ ಈ ಓರೆಯೇ ಬೇಕಾದ ಅಳತೆ. ಅಲ್ಲಿ ಕೋಶಗಳು ಕಂಬಗಳಂತೆ ಸಾಲುಗಟ್ಟುತ್ತವೆ; ರೋಮಗಳು ಹೆಚ್ಚಾಗಿ ಎಲುಬಿನ ಉದ್ದದ ದಿಕ್ಕನ್ನೇ ಹಿಡಿದಿರುತ್ತವೆ. ರೋಮ ಕಟ್ಟಲು ಬೇಕಾದ ಐಎಫ್‌ಟಿ88 ಪ್ರೋಟೀನನ್ನು ಇಲಿಗಳ ಮೃದ್ವಸ್ಥಿಯಲ್ಲಿ ಇಲ್ಲವಾಗಿಸಿದಾಗ ಆ ಸಾಲುಗಳು ಕೆಟ್ಟವು, ಎಲುಬು ಗಿಡ್ಡವಾಯಿತು. ರೋಮದ ಬುಡದಲ್ಲಿರುವ ಪ್ರೋಟೀನುಗಳ ಜೀನ್ ಕೆಟ್ಟಾಗ ಮನುಷ್ಯರಲ್ಲಿ ಬರುವುದು ಎಲ್ಲಿಸ್-ವ್ಯಾನ್ ಕ್ರೆವೆಲ್ಡ್ ಸಿಂಡ್ರೋಮ್: ಗಿಡ್ಡ ಕೈಕಾಲು, ಚಿಕ್ಕ ಪಕ್ಕೆಲುಬು, ಕೈಗೆ ಆರನೆಯ ಬೆರಳು.