ಬೊಂಡಾಸಿನ ಬೆಳೆ: ಒಂದು ವರ್ಷ ಸುಗ್ಗಿ, ಮರುವರ್ಷ ಬರ

ಮಂಗಳೂರು, ಮಲ್ಪೆಗಳ ಕಡೆಯ ವಾಚಕರಿಗೆ ಬೊಂಡಾಸಿನ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಮುಂಬಯಿಯ ಮೀನುಪೇಟೆಯಲ್ಲಿ ಅದನ್ನೇ ಮಾಕುಲವೆನ್ನುವರು. ಹತ್ತು ತೋಳುಗಳುಳ್ಳ, ಹೆದರಿದರೆ ಮಸಿ ಕಾರುವ ಈ ಜೀವಿಯು ಮೀನಿನೊಡನೆ ಮಾರಾಟವಾದರೂ ಮೀನಲ್ಲ. ಬಸವನಹುಳುವಿನ ಬಳಗಕ್ಕೆ ಸೇರಿದುದು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಂತೆ, ಬೊಂಡಾಸು ಹಾಗೂ ಅಷ್ಟಪದಿ ಮೊದಲಾದ ಅದರ ಬಂಧುಗಳ ಜಾಗತಿಕ ಹಿಡುವಳಿಯು 2014ರಲ್ಲಿ ಸುಮಾರು 49 ಲಕ್ಷ ಟನ್ನುಗಳಷ್ಟಿತ್ತು. 2017ರ ಹೊತ್ತಿಗೆ ಅದು ಸುಮಾರು 36 ಲಕ್ಷಕ್ಕಿಳಿಯಿತು. ಈ ಏರಿಳಿತಕ್ಕೆ ಮೂಲವು ಅದರ ಅಲ್ಪಾಯುಷ್ಯ. ಬಹುತೇಕ ಜಾತಿಗಳು ಒಂದು ವರ್ಷದಷ್ಟೇ ಬದುಕಿ, ಒಮ್ಮೆ ಮೊಟ್ಟೆಯಿಟ್ಟು ಸಾಯುತ್ತವೆ. ಹೋಟೆಲಿನ ಮಾತಿನಲ್ಲಿ ಹೇಳುವುದಾದರೆ, ಇದು ಉಗ್ರಾಣವಿಲ್ಲದ ಅಡಿಗೆಮನೆ. ಈ ವರ್ಷ ಮೊಟ್ಟೆಯಿಡಲು ಉಳಿದವೆಷ್ಟೋ, ಕಡಲಿನ ಶಾಖವು ಮರಿಗಳಿಗೆ ಒಗ್ಗಿತೋ ಇಲ್ಲವೋ, ಅದರ ಮೇಲೆಯೇ ಮುಂದಿನ ವರ್ಷದ ವ್ಯಾಪಾರ.

ಅರ್ಜೆಂಟೀನಾದ ಕಡಲಿನ ಬೊಂಡಾಸನ್ನೇ ನೋಡಬಹುದು. 1999ರಲ್ಲಿ ಎಲ್ಲ ದೇಶಗಳವರೂ ಸೇರಿ ಹಿಡಿದುದು 11 ಲಕ್ಷ ಟನ್ನು. 2015ರಲ್ಲಿ 10 ಲಕ್ಷ. ಮರುವರ್ಷವೇ ಒಂದೂವರೆ ಲಕ್ಷದ ಆಸುಪಾಸು! ಅಲ್ಲಿನ ಬೊಂಡಾಸು ಕರೆಯಿಂದ 200 ನಾವಿಕ ಮೈಲುಗಳ ಗಡಿಯನ್ನು ದಾಟಿ ಹೋಗುತ್ತದೆ. ಗಡಿಯಾಚೆ ಚೀನಾ, ತೈವಾನ್, ಕೊರಿಯಾ ಮುಂತಾದ ದೇಶಗಳ ನೂರಾರು ಹಡಗುಗಳು ಕಾದು ನಿಂತಿರುತ್ತವೆ. ಬೆಳಕಿಗೆ ಮರುಳಾಗಿ ಬರುವ ಬೊಂಡಾಸನ್ನು ಗಾಳಗಳ ಸರದಿಂದ ಎಳೆಯಲು ಅವು ಹೊತ್ತಿಸುವ ದೀಪಗಳು ಬಾಹ್ಯಾಕಾಶದಿಂದಲೂ ಕಾಣಿಸುತ್ತವೆ. ಗಡಿಯೊಳಗೆ ನುಗ್ಗಿತೆಂದು 2016ರ ಮಾರ್ಚಿಯಲ್ಲಿ ಅರ್ಜೆಂಟೀನಾದ ಕರಾವಳಿ ಪಡೆಯು ಚೀನಾದ ಒಂದು ಹಡಗನ್ನು ಗುಂಡಿಟ್ಟು ಮುಳುಗಿಸಿತು, ಸಿಬ್ಬಂದಿಯವರೆಲ್ಲರೂ ಪಾರಾದರು. 2020ರಿಂದ ಚೀನಾ ತಾನಾಗಿಯೇ ಅಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಬೇಟೆಯನ್ನು ನಿಲ್ಲಿಸುವ ಕ್ರಮವನ್ನು ತಂದಿತು. ಆದರೆ ಆ ವೇಳೆಗೆ ಹಂಗಾಮು ಬಹುಮಟ್ಟಿಗೆ ಮುಗಿದಿರುತ್ತದೆ. ಗಿರಾಕಿಯೇ ಬಾರದ ಹೊತ್ತಿನಲ್ಲಿ ಹೋಟೆಲಿಗೆ ರಜೆ ಸಾರಿದಂತೆ!

ಬೊಂಡಾಸನ್ನು ನಿತ್ಯದ ಊಟದಲ್ಲಿ ಬಳಸುವ ಜಪಾನಿನವರ ಪಾಡು ಬೇರೆ. 1968ರಲ್ಲಿ ಅವರು ತಮ್ಮ ಪ್ರಸಿದ್ಧ ಜಾತಿಯೊಂದನ್ನೇ ಸುಮಾರು 6 ಲಕ್ಷ 68 ಸಾವಿರ ಟನ್ನು ಹಿಡಿದಿದ್ದರು. ಬಳಿಕ ಇಳಿದು, 1990ರ ದಶಕದಲ್ಲಿ ಚೇತರಿಸಿಕೊಂಡ ಆ ಬೆಳೆಯು ಇತ್ತೀಚಿನ ವರ್ಷಗಳಲ್ಲಿ ಅದರ ಹತ್ತನೆಯ ಒಂದು ಪಾಲಿಗೂ ಸಾಲದಾಗಿದೆ. ಮೊಟ್ಟೆಯಿಡುವ ಕಡಲಿನ ಶಾಖವು ಬದಲಾದುದು ಒಂದು ಕಾರಣ, ನೆರೆಯ ದೇಶಗಳ ಬೇಟೆಯು ಇನ್ನೊಂದು.

ನಮ್ಮಲ್ಲಿ ಬೊಂಡಾಸು ಹೆಚ್ಚಾಗಿ ಟ್ರಾಲ್ ಬಲೆಗೆ ಬಿದ್ದು, ಹಿಮಗಟ್ಟಿಸಿದ ಸರಕಾಗಿ ವಿದೇಶಗಳಿಗೆ ಹೋಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅತ್ತ ಹಡಗುಗಳು ನಂಬಿರುವ ಪ್ರಖರ ದೀಪದ ಬೇಟೆಯನ್ನು ಕೇಂದ್ರ ಸರಕಾರವು 2017ರಲ್ಲಿಯೇ ನಮ್ಮ ಕಡಲಿನಲ್ಲಿ ನಿಷೇಧಿಸಿತು.